ಟ್ಯಾಮಾಕ್ಸಿಫೆನ್ ಸ್ತನದಲ್ಲಿ ಆಫ್ ಮಾಡುತ್ತದೆ, ಮೂಳೆಯಲ್ಲಿ ಆನ್ ಮಾಡುತ್ತದೆ: ಒಂದೇ ಮಾತ್ರೆಗೆ ಇದು ಹೇಗೆ ಸಾಧ್ಯ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯ್ತು, ರೇಡಿಯೇಷನ್ ಕೂಡ ಮುಗಿಯಿತು. ಈಗ ದಿನಕ್ಕೊಂದು ಟ್ಯಾಮಾಕ್ಸಿಫೆನ್ 20 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ, ವರ್ಷಗಟ್ಟಲೆ ತಗೊಳ್ಳಬೇಕಂತೆ. ಗೆಡ್ಡೆಯ ರಿಪೋರ್ಟಿನಲ್ಲಿ ‘ಇಆರ್ ಪಾಸಿಟಿವ್’ ಅಂತ ಇದೆ. ಅಂದರೆ ಆ ಜೀವಕೋಶಗಳಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಇದೆ, ಮಾತ್ರೆ ಅದನ್ನು ತಡೆಯುತ್ತದೆ. ಇಲ್ಲಿಯವರೆಗೆ ಅರ್ಥವಾಯಿತು.

ಆಮೇಲೆ ಗೊಂದಲ ಶುರು. ಚಿಕ್ಕಮ್ಮನಿಗೆ ಮುಟ್ಟು ನಿಂತಿದೆ, ಈಗ ಇರೋ ಸ್ವಲ್ಪ ಈಸ್ಟ್ರೋಜನ್ನನ್ನೂ ತಡೆದರೆ ಮೂಳೆ ಸವೆಯುವುದಿಲ್ಲವೇ ಅಂತ ಕೇಳಿದೆ. ಡಾಕ್ಟರು, “ಮೂಳೆಗೆ ಇದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಬ್ಲೀಡಿಂಗ್ ಕಂಡರೆ ತಡಮಾಡದೆ ಬನ್ನಿ, ಗರ್ಭಕೋಶದ ಒಳಪದರ ದಪ್ಪ ಆಗಬಹುದು” ಅಂದರು. ಅಂದರೆ ಸ್ತನದಲ್ಲಿ ಈಸ್ಟ್ರೋಜನ್ನಿಗೆ ವಿರೋಧ, ಮೂಳೆಯಲ್ಲೂ ಗರ್ಭಕೋಶದಲ್ಲೂ ಈಸ್ಟ್ರೋಜನ್ ಥರವೇ ಕೆಲಸ! ಹೊರಗೆ ಜನ ಕಾಯುತ್ತಿದ್ದರು, ಹೆಚ್ಚು ಕೇಳಲಾಗಲಿಲ್ಲ.

ನಾನು ಬಿಎಸ್ಸಿಯಲ್ಲಿ ಬಯೋಕೆಮಿಸ್ಟ್ರಿ ಓದಿದ್ದೇನೆ. ಅಲ್ಲಿ ಕಲಿಸಿದ್ದು ಬೀಗ ಮತ್ತು ಕೀಲಿಕೈ. ಸರಿಯಾದ ಕೀಲಿ ಹಾಕಿದರೆ ತೆರೆಯುತ್ತದೆ, ತಪ್ಪು ಕೀಲಿ ಸಿಕ್ಕಿಕೊಂಡರೆ ತೆರೆಯುವುದಿಲ್ಲ. ಅದೇ ಕೀಲಿ ಒಂದು ಮನೆಯಲ್ಲಿ ಬೀಗ ತೆರೆದು ಇನ್ನೊಂದು ಮನೆಯಲ್ಲಿ ಜಾಮ್ ಮಾಡುತ್ತದೆ ಅಂತ ಯಾರೂ ಹೇಳಲಿಲ್ಲ. ಮೂಳೆಯಲ್ಲಿರುವುದು ಬೇರೆ ರಿಸೆಪ್ಟರಾ? ಅಥವಾ ಮಾತ್ರೆಯೇ ಅಲ್ಲಿ ಹೋಗಿ ಬೇರೆ ಅಣು ಆಗುತ್ತದಾ?

ಅಣು ಮಟ್ಟದಲ್ಲಿ ಏನಾಗುತ್ತದೆ ಅಂತ ತಿಳಿದವರು ಹೇಳಿ. ಉದ್ದ ಆದರೂ ಪರವಾಗಿಲ್ಲ, ಪೂರ್ತಿ ಓದುತ್ತೇನೆ.

ಹನ್ನೆರಡನೇ ಹೆಲಿಕ್ಸ್

ತುಂಬಾ ಒಳ್ಳೆಯ ಪ್ರಶ್ನೆ ಮೇಡಂ. ನಾನು ಪ್ರೋಟೀನ್ ರಚನೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಈ ರಿಸೆಪ್ಟರ್ ಅಂದರೆ ನನಗೆ ಜೀವ. ಉದ್ದ ಬರೆಯುತ್ತೇನೆ, ನೀವೇ ಅನುಮತಿ ಕೊಟ್ಟಿದ್ದೀರಿ.

ನಿಮ್ಮ ಎರಡು ಊಹೆಗಳನ್ನು ಮೊದಲು ನೋಡೋಣ. ಈಸ್ಟ್ರೋಜನ್ ರಿಸೆಪ್ಟರ್‌ನಲ್ಲಿ ಆಲ್ಫಾ, ಬೀಟಾ ಅಂತ ಎರಡು ಇರುವುದು ನಿಜ, ಬೀಟಾ ಪತ್ತೆಯಾಗಿದ್ದು 1996ರಲ್ಲಿ. ಆದರೆ ಸ್ತನದ ಗೆಡ್ಡೆಯ ರಿಪೋರ್ಟಿನಲ್ಲಿ ಅಳೆಯುವುದು ಆಲ್ಫಾ, ಮೂಳೆ ಕಾಯುವುದರಲ್ಲೂ ಗರ್ಭಕೋಶದ ಒಳಪದರ ಬೆಳೆಸುವುದರಲ್ಲೂ ಮುಖ್ಯ ಪಾತ್ರ ಆಲ್ಫಾದ್ದೇ. ಹಾಗಾಗಿ ಬೇರೆ ರಿಸೆಪ್ಟರ್ ಅನ್ನುವುದರಿಂದ ನಿಮ್ಮ ಪ್ರಶ್ನೆ ಬಗೆಹರಿಯುವುದಿಲ್ಲ. ಎರಡನೆಯದು, ಮಾತ್ರೆ ಬದಲಾಗುವುದು ಹೌದು, ಆದರೆ ಅದು ನಡೆಯುವುದು ಮುಖ್ಯವಾಗಿ ಲಿವರ್‌ನಲ್ಲಿ. ಅಲ್ಲಿಂದ ಹೊರಟದ್ದು ರಕ್ತದ ಮೂಲಕ ಎಲ್ಲಾ ಅಂಗಗಳಿಗೂ ಒಂದೇ ಥರ ಹೋಗುತ್ತದೆ.

ಹಾಗಾದರೆ ಉತ್ತರ ಎಲ್ಲಿದೆ? ರಿಸೆಪ್ಟರ್‌ನ ಆಕಾರದಲ್ಲಿ, ಮತ್ತು ಆ ಆಕಾರ ನೋಡಿ ಹತ್ತಿರ ಬರುವ ಬೇರೆ ಪ್ರೋಟೀನ್‌ಗಳಲ್ಲಿ.

ಈ ಕುಟುಂಬದ ರಿಸೆಪ್ಟರ್‌ಗಳು ಮನುಷ್ಯರಲ್ಲಿ 48 ಇವೆ. ಈಸ್ಟ್ರೋಜನ್, ಥೈರಾಯ್ಡ್, ಕಾರ್ಟಿಸಾಲ್, ವಿಟಮಿನ್ ಡಿ, ಎಲ್ಲಾ ಇದೇ ಕುಟುಂಬ. ಇವು ಜೀವಕೋಶದ ಹೊರಗೋಡೆಯ ಮೇಲೆ ಕಾಯುವ ರಿಸೆಪ್ಟರ್‌ಗಳಲ್ಲ, ಒಳಗೇ ಇದ್ದು ನೇರವಾಗಿ ಡಿಎನ್‌ಎ ಹಿಡಿದು ಜೀನ್‌ಗಳನ್ನು ಆನ್ ಆಫ್ ಮಾಡುವಂಥವು. ಈಸ್ಟ್ರೋಜನ್ ಕೊಬ್ಬಿನಲ್ಲಿ ಕರಗುವ ಸಣ್ಣ ಅಣು, ಅಣುತೂಕ ಬರೀ 272, ಜೀವಕೋಶದ ಪೊರೆ ದಾಟಿ ಸಲೀಸಾಗಿ ಒಳಗೆ ಬರುತ್ತದೆ. ಷಿಕಾಗೊದಲ್ಲಿ ಎಲ್‌ವುಡ್ ಜೆನ್ಸನ್ 1950ರ ದಶಕದ ಕೊನೆಯಲ್ಲಿ ವಿಕಿರಣದ ಗುರುತು ಹಾಕಿದ ಈಸ್ಟ್ರಡಯಾಲ್ ಅನ್ನು (ಅದೇ ಮುಖ್ಯ ಈಸ್ಟ್ರೋಜನ್) ಎಳೆ ಇಲಿಗಳಿಗೆ ಕೊಟ್ಟು ನೋಡಿದರು. ಗರ್ಭಕೋಶ ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಂಡಿತ್ತು, ಮತ್ತು ಹಾರ್ಮೋನ್ ಸ್ವಲ್ಪವೂ ಬದಲಾಗಿರಲಿಲ್ಲ. ಅದುವರೆಗೆ ಹಾರ್ಮೋನ್ ಯಾವುದೋ ರಾಸಾಯನಿಕ ಕ್ರಿಯೆಯಲ್ಲಿ ಖರ್ಚಾಗಿ ಕೆಲಸ ಮಾಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು. ಅದು ಖರ್ಚಾಗುವುದಿಲ್ಲ, ಹೋಗಿ ಕೂರುತ್ತದೆ ಅಷ್ಟೇ. ಕೂತಿದ್ದರಿಂದಲೇ ಎಲ್ಲಾ ಆಗುತ್ತದೆ.

ಎಲ್ಲಿ ಕೂರುತ್ತದೆ? ರಿಸೆಪ್ಟರ್‌ನ ಒಂದು ಭಾಗದಲ್ಲಿ ಸುರುಳಿ ಸುರುಳಿಯಾದ 12 ಹೆಲಿಕ್ಸ್‌ಗಳು ಮೂರು ಪದರವಾಗಿ ಜೋಡಿಸಿಕೊಂಡಿವೆ, ಮಧ್ಯೆ ಒಂದು ಪೊಟರೆ. ಈಸ್ಟ್ರಡಯಾಲ್ ಅಣುವಿನ ಎರಡೂ ತುದಿಗಳಲ್ಲಿ ಒಂದೊಂದು ಹೈಡ್ರಾಕ್ಸಿಲ್ ಗುಂಪು ಇದೆ. ಒಂದು ತುದಿಯನ್ನು ಗ್ಲುಟಮೇಟ್ 353, ಆರ್ಜಿನೀನ್ 394 (ಇವು ರಿಸೆಪ್ಟರ್ ಸರಪಳಿಯ ಅಮೈನೋ ಆಮ್ಲಗಳು, ಸಂಖ್ಯೆ ಅಂದರೆ ಸರಪಳಿಯಲ್ಲಿ ಎಷ್ಟನೆಯದು ಅಂತ) ಮತ್ತು ಒಂದು ನೀರಿನ ಅಣು ಸೇರಿ ಹಿಡಿಯುತ್ತವೆ. ಇನ್ನೊಂದು ತುದಿಯನ್ನು ಹಿಸ್ಟಿಡೀನ್ 524 ಹಿಡಿಯುತ್ತದೆ. ಉಳಿದದ್ದೆಲ್ಲಾ ಜಿಡ್ಡಿಗೆ ಜಿಡ್ಡು ಅಂಟಿಕೊಂಡ ಹಾಗೆ. ಸೋಜಿಗ ಏನೆಂದರೆ ಪೊಟರೆಯ ಗಾತ್ರ ಹಾರ್ಮೋನಿನ ಸುಮಾರು ಎರಡರಷ್ಟು ಇದೆ. ಅಚ್ಚುಕಟ್ಟಾದ ಬೀಗದ ತೂತು ಅಲ್ಲವೇ ಅಲ್ಲ. ಅದಕ್ಕೇ ಎಷ್ಟೋ ಬೇರೆ ಬೇರೆ ಅಣುಗಳು ಅಲ್ಲಿ ಹೋಗಿ ಕೂರಲು ಆಗುತ್ತದೆ.

ಈಗ ಮುಖ್ಯ ವಿಷಯ. ಹನ್ನೆರಡನೆಯ ಹೆಲಿಕ್ಸ್ ಉಳಿದವುಗಳ ಹಾಗೆ ಒಂದೇ ಕಡೆ ಕೂತಿರುವುದಿಲ್ಲ, ಅದಕ್ಕೆ ಓಲಾಟ ಇದೆ. ಈಸ್ಟ್ರಡಯಾಲ್ ಪೂರ್ತಿ ಒಳಗೆ ಹೋದಾಗ ಅದು ಮಡಚಿಕೊಂಡು ಪೊಟರೆಯ ಬಾಯಿಯ ಮೇಲೆ ಬಂದು ಕೂರುತ್ತದೆ. ಹಾಗೆ ಕೂತಾಗ ಅದರ ಪಕ್ಕದಲ್ಲಿ, ಮೂರು, ನಾಲ್ಕು, ಐದನೇ ಹೆಲಿಕ್ಸ್‌ಗಳ ಜೊತೆ ಸೇರಿ, ರಿಸೆಪ್ಟರ್‌ನ ಹೊರಮೈ ಮೇಲೆ ಒಂದು ಚಿಕ್ಕ ತೋಡು ತಯಾರಾಗುತ್ತದೆ. ಇಡೀ ಕಥೆ ಈ ತೋಡಿನದ್ದು. ಜೀನ್ ಆನ್ ಮಾಡಲು ಬೇಕಾದ ಸಹಾಯಕ ಪ್ರೋಟೀನ್‌ಗಳು, ಅಂದರೆ ಕೋಆಕ್ಟಿವೇಟರ್‌ಗಳು, ತಮ್ಮ ಮೈಮೇಲೆ ಒಂದು ಗುರುತು ಇಟ್ಟುಕೊಂಡಿರುತ್ತವೆ: ಲ್ಯೂಸೀನ್ ಅನ್ನುವ ಅಮೈನೋ ಆಮ್ಲ, ನಡುವೆ ಯಾವುದಾದರೂ ಎರಡು, ಆಮೇಲೆ ಮತ್ತೆರಡು ಲ್ಯೂಸೀನ್. ಆ ತುಣುಕು ಈ ತೋಡಿನಲ್ಲಿ ಸರಿಯಾಗಿ ಕೂರುತ್ತದೆ. ಒಂದು ತುದಿಯಲ್ಲಿ ಮೂರನೇ ಹೆಲಿಕ್ಸಿನ ಲೈಸೀನ್ 362, ಇನ್ನೊಂದು ತುದಿಯಲ್ಲಿ ಹನ್ನೆರಡನೇ ಹೆಲಿಕ್ಸಿನ ಗ್ಲುಟಮೇಟ್ 542, ಎರಡೂ ಸೇರಿ ಅದನ್ನು ಹಿಡಿದುಕೊಳ್ಳುತ್ತವೆ. ಕೋಆಕ್ಟಿವೇಟರ್ ಬಂದರೆ ಅದು ಪಿ300 ಥರದ ಕಿಣ್ವಗಳನ್ನು ಕರೆತರುತ್ತದೆ, ಅವು ಹಿಸ್ಟೋನ್‌ಗಳಿಗೆ, ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗಳಿಗೆ, ಅಸಿಟೈಲ್ ಗುಂಪು ಸೇರಿಸಿ ಸುತ್ತಿಟ್ಟ ಡಿಎನ್‌ಎ ಸಡಿಲ ಮಾಡುತ್ತವೆ, ಜೀನ್ ಓದುವ ಕೆಲಸ ಶುರು.

ಟ್ಯಾಮಾಕ್ಸಿಫೆನ್ ಕೂಡ ಅದೇ ಪೊಟರೆಗೆ ಹೋಗುತ್ತದೆ. ಆದರೆ ಅದಕ್ಕೆ ಒಂದು ಉದ್ದನೆ ಬಾಲ ಇದೆ, ತುದಿಯಲ್ಲಿ ಸಾರಜನಕ. ಆ ಬಾಲ ಒಳಗೆ ಹಿಡಿಸುವುದಿಲ್ಲ. ಮೂರನೇ ಮತ್ತು ಹನ್ನೊಂದನೇ ಹೆಲಿಕ್ಸ್ ನಡುವಿನಿಂದ ಹೊರಗೆ ಚಾಚಿಕೊಂಡು ಆಸ್ಪಾರ್ಟೇಟ್ 351ರ ಪಕ್ಕ ನಿಲ್ಲುತ್ತದೆ. ಹನ್ನೆರಡನೇ ಹೆಲಿಕ್ಸ್ ಕೂರಬೇಕಾದ ಜಾಗಕ್ಕೆ ಬಾಲ ಅಡ್ಡ. ಅದು ಅಲ್ಲಿ ಕೂರಲಾಗದೆ ಹೊರಳಿ, ಎಲ್ಲಿಗೆ ಹೋಗುತ್ತದೆ ಗೊತ್ತಾ? ಕೋಆಕ್ಟಿವೇಟರ್ ಕೂರಬೇಕಿದ್ದ ಅದೇ ತೋಡಿಗೆ! ಯಾಕೆಂದರೆ ಹನ್ನೆರಡನೇ ಹೆಲಿಕ್ಸಿನಲ್ಲೇ 540ರಿಂದ 544ರವರೆಗೆ ಲ್ಯೂಸೀನ್, ಲ್ಯೂಸೀನ್, ಗ್ಲುಟಮೇಟ್, ಮೆಥಿಯೊನೀನ್, ಲ್ಯೂಸೀನ್ ಅಂತ ಕೋಆಕ್ಟಿವೇಟರ್‌ನ ಗುರುತಿಗೆ ಬಹಳ ಹತ್ತಿರದ ಸಾಲು ಇದೆ. ರಿಸೆಪ್ಟರ್ ತನ್ನದೇ ತುಣುಕಿನಿಂದ ತನ್ನ ತೋಡನ್ನು ಮುಚ್ಚಿಕೊಳ್ಳುತ್ತದೆ. 1997ರಲ್ಲಿ ಈಸ್ಟ್ರಡಯಾಲ್ ಮತ್ತು ರಾಲಾಕ್ಸಿಫೆನ್ (ಟ್ಯಾಮಾಕ್ಸಿಫೆನ್ ಜಾತಿಯದೇ ಔಷಧಿ) ಜೊತೆಗಿನ ರಚನೆಗಳು, 1998ರಲ್ಲಿ ಟ್ಯಾಮಾಕ್ಸಿಫೆನ್‌ನ ಸಕ್ರಿಯ ರೂಪದ ಜೊತೆಗಿನ ರಚನೆ ಹೊರಬಂದವು. ಈಸ್ಟ್ರಡಯಾಲ್‌ನದ್ದನ್ನೂ ಟ್ಯಾಮಾಕ್ಸಿಫೆನ್‌ನದ್ದನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ನೋಡಿ, ಉಚಿತವಾಗಿ ಸಿಗುತ್ತವೆ. ಉಳಿದ ಹೆಲಿಕ್ಸ್‌ಗಳು ಹೆಚ್ಚು ಕಡಿಮೆ ಅಲ್ಲಲ್ಲೇ ಇವೆ, ಹನ್ನೆರಡನೆಯದು ಮಾತ್ರ ಪೂರ್ತಿ ಬೇರೆ ಕಡೆ. ನನಗೆ ಈಗಲೂ ಅದನ್ನು ನೋಡಿದಾಗ ಮೈ ಜುಮ್ ಅನ್ನುತ್ತದೆ.

ಅಂದರೆ ಸಣ್ಣ ಅಣು ನೇರವಾಗಿ ಯಾವ ಸ್ವಿಚ್ಚನ್ನೂ ಒತ್ತುವುದಿಲ್ಲ. ರಿಸೆಪ್ಟರ್‌ನ ಹೊರಮೈ ಹೇಗಿರಬೇಕು ಅಂತ ಒಳಗಿನಿಂದ ತೀರ್ಮಾನಿಸುತ್ತದೆ.

ಮಂಡ್ಯದ ಗೌಡ್ರು

ಸರ್ ಚೆನ್ನಾಗಿ ಹೇಳಿದಿರಿ. ಒಂದು ಡೌಟು. ಪೊಟರೆ ಖಾಲಿ ಇದ್ದಾಗ ರಿಸೆಪ್ಟರ್ ಆಫ್ ತಾನೇ? ಹಾಗಿದ್ದರೆ ಹಾರ್ಮೋನ್ ಬರದ ಹಾಗೆ ತಡೆದರೆ ಸಾಕಲ್ವಾ, ಮತ್ತೊಂದು ಅಣು ತಂದು ತುರುಕುವುದು ಯಾಕೆ?

ಹನ್ನೆರಡನೇ ಹೆಲಿಕ್ಸ್

ಗೌಡ್ರೇ, ಆ ದಾರಿಯೂ ಇದೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ಮಾಡುವುದು ಅದನ್ನೇ, ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುತ್ತವೆ. ಮುಟ್ಟು ನಿಂತವರಿಗೆ ಅವನ್ನೂ ಬಹಳ ಕೊಡುತ್ತಾರೆ. ಆದರೆ ಅವುಗಳಲ್ಲಿ ಮೂಳೆ ಸವೆಯುವುದು ಜಾಸ್ತಿ. ಹಾರ್ಮೋನೇ ಇಲ್ಲ ಅಂದಮೇಲೆ ಮೂಳೆಗೂ ಇಲ್ಲ.

ಇನ್ನು ಖಾಲಿ ಅಂದರೆ ಆಫ್ ಅನ್ನುವುದು ಎಲ್ಲಾ ರಿಸೆಪ್ಟರ್‌ಗೂ ಒಂದೇ ಥರ ಅಲ್ಲ. ಈಸ್ಟ್ರೋಜನ್ ರಿಸೆಪ್ಟರ್ ಖಾಲಿ ಇದ್ದಾಗ ಎಚ್‌ಎಸ್‌ಪಿ90 ಮುಂತಾದ ಪ್ರೋಟೀನ್‌ಗಳ ಜೊತೆ ಸುಮ್ಮನಿರುತ್ತದೆ. ಥೈರಾಯ್ಡ್ ರಿಸೆಪ್ಟರ್ ಹಾಗಲ್ಲ. ಅದು ಹಾರ್ಮೋನ್ ಇಲ್ಲದಿದ್ದಾಗಲೂ ಡಿಎನ್‌ಎ ಮೇಲೆ ಕೂತು ಎನ್‌ಕಾರ್, ಸ್ಮರ್ಟ್ ಎಂಬ ಕೋರಿಪ್ರೆಸರ್‌ಗಳನ್ನು ಹಿಡಿದುಕೊಂಡಿರುತ್ತದೆ. ಅವು ಅಸಿಟೈಲ್ ಗುಂಪು ಕೀಳುವ ಕಿಣ್ವವನ್ನು ತಂದು ಜೀನನ್ನು ಅದುಮಿ ಇಡುತ್ತವೆ. ಕೋರಿಪ್ರೆಸರ್‌ನ ಗುರುತಿನ ತುಣುಕು ಕೋಆಕ್ಟಿವೇಟರ್‌ದಕ್ಕಿಂತ ಉದ್ದ. ಹನ್ನೆರಡನೇ ಹೆಲಿಕ್ಸ್ ದೂರ ಇದ್ದರೆ ಮಾತ್ರ ಅದಕ್ಕೆ ಜಾಗ. ಟಿ3, ಅಂದರೆ ಥೈರಾಯ್ಡ್ ಹಾರ್ಮೋನ್, ಬಂದು ಹೆಲಿಕ್ಸ್ ಮಡಚಿಕೊಂಡ ತಕ್ಷಣ ಕೋರಿಪ್ರೆಸರ್ ಜಾಗ ಬಿಡಬೇಕು, ಕೋಆಕ್ಟಿವೇಟರ್ ಬರುತ್ತದೆ. ಅಲ್ಲಿ ಖಾಲಿ ಇರುವುದೂ ಒಂದು ಕೆಲಸವೇ.

ಫಾರ್ಮಾ ಟೀಚರ್

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ತುಂಗಾತೀರ ಅವರು ಕೇಳಿದ್ದು ಅರ್ಧ ಹಾಗೇ ಉಳಿಯಿತು. ಟ್ಯಾಮಾಕ್ಸಿಫೆನ್ ತೋಡು ಮುಚ್ಚುತ್ತದೆ ಸರಿ, ಹಾಗಿದ್ದರೆ ಎಲ್ಲಾ ಕಡೆಯೂ ಆಫ್ ಆಗಬೇಕಿತ್ತಲ್ಲ? ಗರ್ಭಕೋಶದಲ್ಲಿ ಆನ್ ಹೇಗೆ?

ಎರಡು ಕಾರಣ ಸೇರಿಸಿ ಓದಬೇಕು. ಒಂದು, ಈ ರಿಸೆಪ್ಟರ್‌ಗೆ ಕೋಆಕ್ಟಿವೇಟರ್ ಹಿಡಿಯುವ ಜಾಗ ಒಂದೇ ಅಲ್ಲ. ಸರ್ ವಿವರಿಸಿದ ತೋಡಿಗೆ ಎಎಫ್2 ಅಂತಾರೆ. ರಿಸೆಪ್ಟರ್‌ನ ಇನ್ನೊಂದು ತುದಿಯಲ್ಲಿ, ಅಂದರೆ ಶುರುವಿನ ಭಾಗದಲ್ಲಿ, ಎಎಫ್1 ಅಂತ ಇದೆ. ಅದಕ್ಕೂ ಹನ್ನೆರಡನೇ ಹೆಲಿಕ್ಸಿಗೂ ನೇರ ಸಂಬಂಧ ಇಲ್ಲ. ಟ್ಯಾಮಾಕ್ಸಿಫೆನ್ ಎಎಫ್2 ಮುಚ್ಚಿದರೂ ರಿಸೆಪ್ಟರ್ ಡಿಎನ್‌ಎ ಮೇಲೆ ಹೋಗಿ ಕೂರುತ್ತದೆ, ಎಎಫ್1 ತೆರೆದೇ ಇರುತ್ತದೆ.

ಎರಡು, ಜೀವಕೋಶದಲ್ಲಿ ಯಾವ ಸಹಾಯಕರು ಎಷ್ಟು ಇದ್ದಾರೆ ಅನ್ನುವುದು. ಸ್ತನದ ಜೀವಕೋಶದಲ್ಲಿ ಟ್ಯಾಮಾಕ್ಸಿಫೆನ್ ಹೊತ್ತ ರಿಸೆಪ್ಟರ್ ಬಳಿ ಕೋರಿಪ್ರೆಸರ್‌ಗಳು ಬರುತ್ತವೆ, ಜೀನ್ ಆಫ್. ಗರ್ಭಕೋಶದ ಒಳಪದರದ ಜೀವಕೋಶದಲ್ಲಿ ಎಸ್‌ಆರ್‌ಸಿ1 ಅನ್ನುವ ಕೋಆಕ್ಟಿವೇಟರ್ ಜಾಸ್ತಿ ಇದೆ, ಅಲ್ಲಿ ಅದೇ ರಿಸೆಪ್ಟರ್ ಕೆಲವು ಜೀನ್‌ಗಳ ಮೇಲೆ ಕೋಆಕ್ಟಿವೇಟರನ್ನೇ ಸೇರಿಸಿಕೊಳ್ಳುತ್ತದೆ. 2002ರಲ್ಲಿ ಇದನ್ನು ನೇರವಾಗಿ ತೋರಿಸಿದರು: ಗರ್ಭಕೋಶದ ಕ್ಯಾನ್ಸರ್ ಜೀವಕೋಶಗಳಲ್ಲಿ ಎಸ್‌ಆರ್‌ಸಿ1 ಕಡಿಮೆ ಮಾಡಿದರೆ ಟ್ಯಾಮಾಕ್ಸಿಫೆನ್‌ನ ಆನ್ ಮಾಡುವ ಗುಣವೇ ಹೋಯಿತು. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ. ಅಣು ಅದೇ, ರಿಸೆಪ್ಟರ್ ಅದೇ, ಸುತ್ತ ಇರುವವರು ಬೇರೆ.

ಆದ್ದರಿಂದ ಟ್ಯಾಮಾಕ್ಸಿಫೆನ್ ಅನ್ನು ‘ಈಸ್ಟ್ರೋಜನ್ ವಿರೋಧಿ’ ಅಂತಷ್ಟೇ ಬರೆದು ಮುಗಿಸಿಬಿಡುವುದು ನನಗೆ ಒಪ್ಪಿಗೆ ಇಲ್ಲ. ವಿದ್ಯಾರ್ಥಿಗಳು ಹಾಗೇ ಬಾಯಿಪಾಠ ಮಾಡುತ್ತಾರೆ, ಆಮೇಲೆ ಲಿವರ್‌ನಲ್ಲಿ ಅದು ಕೆಟ್ಟ ಕೊಲೆಸ್ಟ್ರಾಲ್ ಇಳಿಸುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ ಅಂದರೆ ಎಲ್ಲಿಂದ ಬಂತು ಅಂತ ಕಣ್ಣು ಬಿಡುತ್ತಾರೆ. ಮೂಳೆಯಲ್ಲೂ ವ್ಯತ್ಯಾಸ ನೋಡಿ: ಮುಟ್ಟು ನಿಂತವರಲ್ಲಿ ಅದು ಮೂಳೆ ಉಳಿಸುತ್ತದೆ, ಇನ್ನೂ ಮುಟ್ಟಾಗುವವರಲ್ಲಿ ಸ್ವಲ್ಪ ಕಳೆಯುತ್ತದೆ. ಯಾಕೆಂದರೆ ಅದು ಪೂರ್ತಿ ಈಸ್ಟ್ರೋಜನ್ ಅಲ್ಲ, ಅರ್ಧಂಬರ್ಧ. ಏನೂ ಇಲ್ಲದ ಕಡೆ ಅರ್ಧ ಸಿಕ್ಕರೆ ಲಾಭ, ಪೂರ್ತಿ ಇದ್ದ ಕಡೆ ಅದನ್ನು ತಳ್ಳಿ ಅರ್ಧ ಕೂತರೆ ನಷ್ಟ.

ಈ ಅಣುವಿನ ಹುಟ್ಟೂ ಹಾಗೇ. ಇಂಗ್ಲೆಂಡಿನ ಚೆಷರ್‌ನಲ್ಲಿ ಐಸಿಐ ಕಂಪನಿಯ ಲ್ಯಾಬ್‌ನಲ್ಲಿ ಡೋರಾ ರಿಚರ್ಡ್‌ಸನ್ 1962ರಲ್ಲಿ ಇದನ್ನು ತಯಾರಿಸಿದರು. ಆಗ ಹುಡುಕುತ್ತಿದ್ದದ್ದು ಗರ್ಭನಿರೋಧಕ ಮಾತ್ರೆ. ಇಲಿಗಳಲ್ಲಿ ಗರ್ಭ ತಡೆಯಿತು, ಹೆಂಗಸರಲ್ಲಿ ನೋಡಿದರೆ ಉಲ್ಟಾ, ಅಂಡ ಬಿಡುಗಡೆ ಆಗುವುದಕ್ಕೇ ಸಹಾಯ ಮಾಡಿತು! ಮ್ಯಾಂಚೆಸ್ಟರ್‌ನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 1971ರಲ್ಲಿ ಬಂತು, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1977ರಲ್ಲಿ.

ಮತ್ತು ಇದು ನಮ್ಮ ಮಕ್ಕಳಿಗೆ ತಪ್ಪದೆ ಹೇಳಬೇಕಾದ ವಿಷಯ: ಇದೇ ಜಾತಿಯ ಇನ್ನೊಂದು ಅಣುವನ್ನು ಲಖನೌದ ಸಿಡಿಆರ್‌ಐ ಎಂಬ ಔಷಧಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಮಾಡಿದರು. ಸೆಂಟ್‌ಕ್ರೋಮನ್, ಅಂದರೆ ಆರ್ಮೆಲಾಕ್ಸಿಫೆನ್. ಇದು ಗರ್ಭನಿರೋಧಕ ಮಾತ್ರೆ. 1991ರಲ್ಲಿ ‘ಸಹೇಲಿ’ ಅಂತ ಮಾರುಕಟ್ಟೆಗೆ ಬಂತು, ಈಗ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ‘ಛಾಯಾ’ ಹೆಸರಿನಲ್ಲಿ ಸಿಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಹಂಚುವ ಆ ಮಾತ್ರೆಯೂ ಕೆಲಸ ಮಾಡುವುದು ಇದೇ ರಿಸೆಪ್ಟರ್ ಮೇಲೆ, ಒಂದು ಕಡೆ ತಡೆದು ಇನ್ನೊಂದು ಕಡೆ ಸ್ವಲ್ಪ ಆನ್ ಮಾಡಿ. ಒಳಗೆ ಸ್ಟೀರಾಯ್ಡ್ ಹಾರ್ಮೋನೇ ಇಲ್ಲ.

ತುಂಗಾತೀರ

ಇಬ್ಬರಿಗೂ ಮನಸಾರೆ ಧನ್ಯವಾದ. ಎಎಫ್1 ವಿಷಯ ಓದಿದ ಮೇಲೆ ನಿಜವಾಗಲೂ ಕಣ್ಣು ತೆರೆದ ಹಾಗಾಯಿತು. ಛಾಯಾ ಮಾತ್ರೆ ನಮ್ಮ ಅತ್ತಿಗೆ ತಗೊಳ್ತಾರೆ, ಇದೇ ಕುಟುಂಬ ಅಂತ ಗೊತ್ತೇ ಇರಲಿಲ್ಲ.

ಇನ್ನೆರಡು ಕೇಳಲಾ? ಚಿಕ್ಕಮ್ಮನಿಗೆ ಮೈ ಬಿಸಿಯಾಗಿ ಬೆವರುವುದು ತುಂಬಾ ಆಗಿದೆ, ರಾತ್ರಿ ನಿದ್ದೆ ಇಲ್ಲ. ಪರಿಚಯದವರೊಬ್ಬರು ಅದಕ್ಕೆ ಡಿಪ್ರೆಶನ್ ಮಾತ್ರೆ ಒಳ್ಳೆಯದು ಅಂದರು. ತಗೊಳ್ಳಬಹುದಾ? ಮತ್ತೆ ಸೋಯಾದಲ್ಲಿ ಈಸ್ಟ್ರೋಜನ್ ಇದೆ, ಮುಟ್ಟಲೇಬೇಡಿ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.

ವಾರ್ಡ್ ಡ್ಯೂಟಿ

ನಾನು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವ ಡಾಕ್ಟರ್. ಮೊದಲನೆಯದಕ್ಕೆ ನಾನು ಹೇಳುತ್ತೇನೆ, ಇದು ಸಣ್ಣ ವಿಷಯ ಅಲ್ಲ.

ಟ್ಯಾಮಾಕ್ಸಿಫೆನ್ ಇದ್ದ ಹಾಗೇ ರಿಸೆಪ್ಟರನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಲಿವರ್ ಅದಕ್ಕೆ ಒಂದು ಹೈಡ್ರಾಕ್ಸಿಲ್ ಸೇರಿಸಬೇಕು. ಈಸ್ಟ್ರಡಯಾಲ್‌ನ ಒಂದು ತುದಿಯನ್ನು ಗ್ಲುಟಮೇಟ್, ಆರ್ಜಿನೀನ್ ಹಿಡಿಯುತ್ತವೆ ಅಂತ ಮೇಲೆ ಬರೆದರಲ್ಲ, ಅದೇ ಹಿಡಿತ ಟ್ಯಾಮಾಕ್ಸಿಫೆನ್‌ಗೆ ಸಿಗುವುದು ಈ ಹೈಡ್ರಾಕ್ಸಿಲ್ ಬಂದ ಮೇಲೆ. ಹಾಗೆ ಬದಲಾದ ರೂಪಗಳಲ್ಲಿ ರಕ್ತದಲ್ಲಿ ಹೆಚ್ಚು ಇರುವುದು ಎಂಡಾಕ್ಸಿಫೆನ್. ಅದನ್ನು ಮಾಡುವುದರಲ್ಲಿ ಸಿವೈಪಿ2ಡಿ6 ಅನ್ನುವ ಲಿವರ್ ಕಿಣ್ವ ಬೇಕೇ ಬೇಕು. ಪ್ಯಾರೊಕ್ಸೆಟಿನ್, ಫ್ಲುಒಕ್ಸೆಟಿನ್ ಎಂಬ ಡಿಪ್ರೆಶನ್ ಮಾತ್ರೆಗಳು ಆ ಕಿಣ್ವವನ್ನೇ ಜೋರಾಗಿ ತಡೆಯುತ್ತವೆ. ತಗೊಂಡರೆ ಎಂಡಾಕ್ಸಿಫೆನ್ ಇಳಿಯುತ್ತದೆ. ವೆನ್ಲಾಫಾಕ್ಸಿನ್ ಥರದ್ದು ಅಷ್ಟು ತಡೆಯುವುದಿಲ್ಲ, ಹಾಗಾಗಿ ಟ್ಯಾಮಾಕ್ಸಿಫೆನ್ ಇರುವವರಿಗೆ ಬಿಸಿ ಬೆವರಿಗೆ ಅಂಥದ್ದನ್ನು ಆರಿಸುತ್ತಾರೆ. ಪರಿಚಯದವರ ಮಾತು ಕೇಳಿ ಮೆಡಿಕಲ್ ಶಾಪಿನಿಂದ ತರಬೇಡಿ. ಅವರ ಕ್ಯಾನ್ಸರ್ ಡಾಕ್ಟರಿಗೇ ಫೋನ್ ಮಾಡಿ, “ಟ್ಯಾಮಾಕ್ಸಿಫೆನ್ ಜೊತೆ ಆಗುವಂಥದ್ದು ಕೊಡಿ” ಅಂತ ಕೇಳಿ. ಮತ್ತೆ ಬೆವರು ತಡೆಯಲಾಗದೆ ಟ್ಯಾಮಾಕ್ಸಿಫೆನ್ ನಿಲ್ಲಿಸಿಬಿಡುವವರನ್ನು ನಾನು ಬಹಳ ನೋಡಿದ್ದೇನೆ, ಯಾರಿಗೂ ಹೇಳುವುದೂ ಇಲ್ಲ. ದಯವಿಟ್ಟು ಚಿಕ್ಕಮ್ಮ ಹಾಗೆ ಮಾಡದಂತೆ ನೋಡಿಕೊಳ್ಳಿ. ಬ್ಲೀಡಿಂಗ್ ಆದರೆ, ಕಾಲಿನ ಮೀನಖಂಡ ಒಂದೇ ಕಡೆ ಊದಿ ನೋವಾದರೆ, ಉಸಿರು ಕಟ್ಟಿದರೆ, ಅದೇ ದಿನ ಆಸ್ಪತ್ರೆ.

ಮಂಡ್ಯದ ಗೌಡ್ರು

ಡಾಕ್ಟ್ರೇ, ಈ ಮಾತ್ರೆ ಕೆಲವರಿಗೆ ಒಂದಷ್ಟು ವರ್ಷ ಆದಮೇಲೆ ಕೆಲಸ ಮಾಡೋದೇ ನಿಲ್ಲಿಸುತ್ತದಂತೆ, ಅದೂ ಈ ಹೆಲಿಕ್ಸ್ ಕಥೆಗೆ ಸೇರಿದ್ದಾ?

ಹನ್ನೆರಡನೇ ಹೆಲಿಕ್ಸ್

ಇದಕ್ಕೆ ನಾನು ಬರುತ್ತೇನೆ. ಕಾರಣ ಹಲವು ಇವೆ, ಅದರಲ್ಲಿ ಒಂದು ಹೌದು, ನೇರವಾಗಿ ಹೆಲಿಕ್ಸ್ ಕಥೆಯೇ. ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದವರಲ್ಲಿ, ಅದರಲ್ಲೂ ಲೆಟ್ರೊಜೋಲ್ ಥರದ ಔಷಧಿ ಬಹಳ ಕಾಲ ತಗೊಂಡವರಲ್ಲಿ, ರಿಸೆಪ್ಟರ್‌ನ ಜೀನಿನಲ್ಲೇ ಬದಲಾವಣೆ ಕಾಣುತ್ತದೆ. ಹೆಚ್ಚಾಗಿ ಸಿಗುವುದು 537ನೇ ಟೈರೊಸೀನ್ ಹೋಗಿ ಸೆರೀನ್ ಬಂದದ್ದು, ಮತ್ತು 538ನೇ ಆಸ್ಪಾರ್ಟೇಟ್ ಹೋಗಿ ಗ್ಲೈಸೀನ್ ಬಂದದ್ದು. ಎರಡೂ ಹನ್ನೆರಡನೇ ಹೆಲಿಕ್ಸಿನ ಬುಡದಲ್ಲೇ. ಹೊಸದಾಗಿ ಬಂದ ಸೆರೀನ್ ಹೋಗಿ ಆಸ್ಪಾರ್ಟೇಟ್ 351ನ್ನು ಹಿಡಿಯುತ್ತದೆ. ನೆನಪಿದೆಯಾ, ಟ್ಯಾಮಾಕ್ಸಿಫೆನ್ ಬಾಲ ಹೋಗಿ ನಿಲ್ಲುತ್ತಿದ್ದದ್ದು ಅದರ ಪಕ್ಕದಲ್ಲೇ. ಹಿಡಿದಾಗ ಹೆಲಿಕ್ಸ್ ಪೊಟರೆ ಬಾಯಿಯ ಮೇಲೆ ಕೂತ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. ಹಾರ್ಮೋನ್ ಇಲ್ಲದಿದ್ದರೂ ಆನ್! ಹಾರ್ಮೋನ್ ತಯಾರಿ ನಿಲ್ಲಿಸಿ ಏನು ಪ್ರಯೋಜನ.

ಅಂಥವರಿಗಾಗಿ ಬೇರೆ ಬಗೆಯ ಅಣುಗಳಿವೆ. ಫುಲ್ವೆಸ್ಟ್ರಂಟ್ ಇಂಜೆಕ್ಷನ್ ರಿಸೆಪ್ಟರನ್ನು ಎಷ್ಟು ಕೆಡಿಸುತ್ತದೆಂದರೆ ಜೀವಕೋಶ ಅದನ್ನು ಕೆಟ್ಟ ಪ್ರೋಟೀನ್ ಅಂತ ಗುರುತಿಸಿ ಒಡೆದು ಹಾಕುತ್ತದೆ. ಎಎಫ್1, ಎಎಫ್2 ಎರಡೂ ಹೋಯಿತು. ಅದೇ ದಾರಿಯಲ್ಲಿ ಬಾಯಿಯಿಂದ ತಗೊಳ್ಳುವ ಎಲಸೆಸ್ಟ್ರಂಟ್‌ಗೆ 2023ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಈ ಥರ ರಿಸೆಪ್ಟರ್ ಬದಲಾದವರಿಗೆ. ತುಂಗಾತೀರ ಮೇಡಂ, ಇದು ಹರಡಿದ ಕಾಯಿಲೆಯ ಮಾತು, ಚಿಕ್ಕಮ್ಮನ ವಿಷಯಕ್ಕೆ ತಳಕು ಹಾಕಿ ಹೆದರಬೇಡಿ.

ಎನ್‌ಎಂಆರ್ ಅಭಿಮಾನಿ

ಓದಿ ಖುಷಿಯಾಯಿತು, ಆದರೆ ಒಂದು ತಕರಾರು ಇದೆ. ಹನ್ನೆರಡನೇ ಹೆಲಿಕ್ಸ್ ಇಲ್ಲಿ ಕೂತರೆ ಆನ್, ಅಲ್ಲಿ ಕೂತರೆ ಆಫ್ ಅನ್ನುವುದು ಪ್ರೋಟೀನನ್ನು ಸ್ಫಟಿಕ ಮಾಡಿ ನೋಡಿದಾಗ ಸಿಗುವ ಚಿತ್ರ. ಸ್ಫಟಿಕದಲ್ಲಿ ಎಲ್ಲಾ ಹೆಪ್ಪುಗಟ್ಟಿರುತ್ತದೆ. ದ್ರಾವಣದಲ್ಲಿ ನೋಡಿದರೆ ಈ ಹೆಲಿಕ್ಸ್ ಎರಡು ಜಾಗಗಳ ನಡುವೆ, ಮತ್ತೆ ಬೇರೆ ಕಡೆಗೂ, ಓಡಾಡುತ್ತಲೇ ಇರುತ್ತದೆ. ಅಣು ಮಾಡುವುದು ಯಾವ ಜಾಗದಲ್ಲಿ ಹೆಚ್ಚು ಹೊತ್ತು ಇರಬೇಕು ಅನ್ನುವುದನ್ನು ಬದಲಾಯಿಸುವುದು. ಹಾಗಾಗಿ ಪೂರ್ತಿ ಆನ್, ಅರ್ಧ ಆನ್, ಕಾಲು ಆನ್ ಎಲ್ಲವೂ ಸಾಧ್ಯ.

ಉದಾಹರಣೆಗೆ ಸಕ್ಕರೆ ಕಾಯಿಲೆಯ ಔಷಧಿಗಳ ರಿಸೆಪ್ಟರ್ ಪಿಪಿಎಆರ್ ಗಾಮಾ. ರೋಸಿಗ್ಲಿಟಜೋನ್ ಅದರ ಹನ್ನೆರಡನೇ ಹೆಲಿಕ್ಸಿನ ಟೈರೊಸೀನ್ 473ನ್ನು ನೇರವಾಗಿ ಹಿಡಿದು ಗಟ್ಟಿ ಮಾಡುತ್ತದೆ, ಪೂರ್ತಿ ಆನ್, ಜೊತೆಗೆ ತೂಕ ಏರುವುದು, ಮೈಯಲ್ಲಿ ನೀರು ತುಂಬುವುದು. ಆ ಹೆಲಿಕ್ಸನ್ನು ಅಷ್ಟಾಗಿ ಗಟ್ಟಿ ಮಾಡದ ಅಣುಗಳೂ ಇವೆ. 2010ರಲ್ಲಿ ತೋರಿಸಿದ್ದೇನೆಂದರೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆ ಆಗುವುದು ಆನ್ ಆದದ್ದರಿಂದ ಮಾತ್ರವಲ್ಲ, ಆ ಅಣುಗಳು ರಿಸೆಪ್ಟರ್‌ನ 273ನೇ ಸೆರೀನ್‌ಗೆ ಫಾಸ್ಫೇಟ್ ಅಂಟದ ಹಾಗೆ ತಡೆಯುವುದರಿಂದಲೂ. ಸ್ವಿಚ್ಚಿನ ಲೆಕ್ಕದಲ್ಲಿ ಮಾತ್ರ ಯೋಚಿಸಿದರೆ ಇಂಥದ್ದು ಹೊಳೆಯುವುದೇ ಇಲ್ಲ.

ಹನ್ನೆರಡನೇ ಹೆಲಿಕ್ಸ್

ಒಪ್ಪುತ್ತೇನೆ, ಒಳ್ಳೆಯ ಮಾತು. ಆದರೆ ಹೊಸದಾಗಿ ಕಲಿಯುವವರಿಗೆ ಮೊದಲು ಎರಡು ಜಾಗ ತೋರಿಸಿ, ಆಮೇಲೆ ಓಡಾಟ ಹೇಳುವುದೇ ಸರಿ ಅಂತ ನನ್ನ ನಂಬಿಕೆ. ನಿಂತ ಚಿತ್ರವೇ ಕಣ್ಣ ಮುಂದೆ ಇಲ್ಲದವರಿಗೆ ಓಡಾಟ ಅರ್ಥವಾಗುವುದು ಕಷ್ಟ.

ಫಾರ್ಮಾ ಟೀಚರ್

ಸೋಯಾ ಪ್ರಶ್ನೆ ಉಳಿದೇ ಹೋಯಿತು. ಎನ್‌ಎಂಆರ್ ಅವರು ಹೇಳಿದ ಅರ್ಧ ಆನ್‌ಗೆ ಇದೇ ಒಳ್ಳೆಯ ಉದಾಹರಣೆ. ಸೋಯಾದಲ್ಲಿರುವ ಜೆನಿಸ್ಟೀನ್ ಈಸ್ಟ್ರೋಜನ್ ಅಲ್ಲ, ಅದರ ಹಾಗೆ ಎರಡೂ ತುದಿಯಲ್ಲಿ ಹೈಡ್ರಾಕ್ಸಿಲ್ ಇರುವ ಗಿಡದ ಅಣು. ಆಲ್ಫಾಗಿಂತ ಬೀಟಾ ರಿಸೆಪ್ಟರನ್ನು ಬಹಳ ಚೆನ್ನಾಗಿ ಹಿಡಿಯುತ್ತದೆ. 1999ರಲ್ಲಿ ಬೀಟಾ ಜೊತೆ ಅದರ ರಚನೆ ಬಂದಾಗ, ಬಾಲವೇ ಇಲ್ಲದ ಈ ಪುಟ್ಟ ಅಣು ಕೂತಿದ್ದರೂ ಹನ್ನೆರಡನೇ ಹೆಲಿಕ್ಸ್ ಪೊಟರೆಯ ಬಾಯಿಯ ಮೇಲೆ ಸರಿಯಾಗಿ ಬಂದು ಕೂತಿರಲಿಲ್ಲ, ಆಫ್ ಸ್ಥಿತಿಯ ಕಡೆಗೇ ವಾಲಿತ್ತು. ಕೆಲಸದಲ್ಲೂ ಅದು ಅರ್ಧ ಆನ್ ಮಾಡುವ ಅಣುವೇ.

ಊಟದಲ್ಲಿ ಸೋಯಾ ತಿಂದ ಸ್ತನ ಕ್ಯಾನ್ಸರ್ ರೋಗಿಗಳನ್ನು ಗಮನಿಸಿದ ಅಧ್ಯಯನಗಳಲ್ಲಿ ಅದರಿಂದ ಕ್ಯಾನ್ಸರ್ ಮರಳುವುದು ಹೆಚ್ಚಾದದ್ದು ಕಂಡಿಲ್ಲ. ಪಲ್ಯಕ್ಕೆ ಸೋಯಾ ಚಂಕ್ಸ್ ಹಾಕಿದರೆ, ಅಪರೂಪಕ್ಕೆ ತೋಫು ತಿಂದರೆ ಹೆದರಬೇಕಾಗಿಲ್ಲ. ಬಿಸಿ ಬೆವರಿಗೆ ಒಳ್ಳೆಯದು ಅಂತ ಡಬ್ಬಿಯಲ್ಲಿ ಮಾರುವ ಸೋಯಾ ಐಸೊಫ್ಲೇವೋನ್ ಕ್ಯಾಪ್ಸೂಲ್‌ಗಳು ಬೇರೆ ವಿಷಯ, ಅದರಲ್ಲಿ ಇದೇ ಅಣುವನ್ನು ಸಾಂದ್ರ ಮಾಡಿ ತುಂಬಿರುತ್ತಾರೆ. ಅಂಥದ್ದನ್ನು ಚಿಕ್ಕಮ್ಮನ ಡಾಕ್ಟರಿಗೆ ತೋರಿಸದೆ ಕೊಡಬೇಡಿ.